ಹೊಗೆ, ದೂಳು, ಬಿಸಿಲು ಮತ್ತು ವಿಟಮಿನ್ ಎ ಲೇಪನ: ದಾವಣಗೆರೆ–ಚಿತ್ರದುರ್ಗ ಸೀಮೆಯವರು ಯಾವುದನ್ನು ಆರಿಸಬೇಕು?

ಮೊಡವೆಗೋ ಬಂಗಿಗೋ ಬಿಸಿಲಿನ ಕಲೆಗೋ ಮದ್ದು ಕೇಳಿಕೊಂಡು ದಾವಣಗೆರೆಯ ಔಷಧಿ ಅಂಗಡಿಗೆ ಹೋದವರಿಗೆ ಇಂದು ವಿಟಮಿನ್ ಎ ಕುಟುಂಬಕ್ಕೆ ಸೇರಿದ ಹಲವು ಬಗೆಯ ಲೇಪನಗಳು ಕಾಣಸಿಗುತ್ತವೆ: ರೆಟಿನೈಲ್ ಪಾಮಿಟೇಟ್ ಬೆರೆಸಿದ ಸಾಮಾನ್ಯ ಕ್ರೀಮು, ರೆಟಿನಾಲ್ ಸೀರಮ್, ರೆಟಿನಾಲ್ಡಿಹೈಡ್, ಅಡಾಪಲೀನ್ ಜೆಲ್, ಟ್ರೆಟಿನೋಯಿನ್ ಕ್ರೀಮು. ಇವುಗಳಲ್ಲಿ ಯಾವುದು ಹೆಚ್ಚು ಪ್ರಬಲ ಎಂದು ಕೇಳಿ, ಅದನ್ನೇ ಕೊಂಡು ತರುವುದು ರೂಢಿಯಾಗಿಬಿಟ್ಟಿದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ ಎಂಬುದು ಈ ಬರಹದ ವಾದ: ಲೇಪನ ಹಚ್ಚಲಿರುವ ಆ ಮುಖ ಹಗಲೆಲ್ಲ ಎಂತಹ ಗಾಳಿಯಲ್ಲಿ, ಎಂತಹ ಬಿಸಿಲಿನಲ್ಲಿ, ಎಂತಹ ಬೆಂಕಿಯ ಮುಂದೆ ಇರುತ್ತದೆ? ಹೊಗೆಯೊಳಗಿನ ರಾಸಾಯನಿಕಗಳು ಮತ್ತು ವಿಟಮಿನ್ ಎ ಎರಡೂ ಚರ್ಮದ ಅದೇ ಜೀವಕೋಶಗಳ ಒಳಹೊಕ್ಕು, ಅದೇ ಕೋಶಕೇಂದ್ರದಲ್ಲಿ ವಂಶವಾಹಿಗಳ ಕೆಲಸವನ್ನು ಬದಲಿಸುತ್ತವೆ. ಒಂದನ್ನು ಬಿಟ್ಟು ಇನ್ನೊಂದರ ಲೆಕ್ಕ ಹಾಕಲು ಬರುವುದಿಲ್ಲ.

ನಮ್ಮ ಗಾಳಿಯಲ್ಲಿ ಇರುವುದೇನು

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿರುವ ನಗರಗಳು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ದೇಶದ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 10 ಕಣಗಳ (10 ಮೈಕ್ರಾನ್‌ವರೆಗಿನ ತೇಲುವ ಕಣಗಳ) ವಾರ್ಷಿಕ ಸರಾಸರಿ 60 ಮೈಕ್ರೋಗ್ರಾಂ, ಇನ್ನೂ ಸಣ್ಣದಾದ ಪಿಎಂ 2.5 ಕಣಗಳದ್ದು 40 ಮೈಕ್ರೋಗ್ರಾಂ ಮೀರಬಾರದು. ಆದರೆ ಚರ್ಮದ ದೃಷ್ಟಿಯಿಂದ ನೋಡುವಾಗ ಕಣಗಳ ತೂಕಕ್ಕಿಂತ ಅವು ಎಲ್ಲಿಂದ ಬಂದವು ಎಂಬುದು ಮುಖ್ಯವಾಗುತ್ತದೆ. ಭೀಮಸಮುದ್ರ, ಹಿರೇಗುಂಟನೂರು ಕಡೆಯ ಕಬ್ಬಿಣದ ಅದಿರಿನ ಕೆಂಪು ದೂಳು ಕಣ್ಣಿಗೆ ಭಯ ಹುಟ್ಟಿಸುವಷ್ಟು ದಟ್ಟವಾಗಿ ಕಂಡರೂ ಅದರ ದಪ್ಪ ಕಣಗಳು ಬಹುಪಾಲು ಚರ್ಮದ ಮೇಲೆಯೇ ಕುಳಿತು, ತೇವವನ್ನು ಹೀರಿ, ಉಜ್ಜಿ ಒರಟು ಮಾಡುತ್ತವೆ. ಮಂಡಕ್ಕಿ ಭಟ್ಟಿಯ ಹೊಗೆ, ಚನ್ನಗಿರಿ–ಹೊಳಲ್ಕೆರೆ ಕಡೆ ಅಡಿಕೆ ಬೇಯಿಸುವ ಒಲೆಯ ಹೊಗೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಗಲಿರುಳು ಸಾಗುವ ಲಾರಿಗಳ ಡೀಸೆಲ್ ಮಸಿ, ಖಾಲಿ ನಿವೇಶನಗಳಲ್ಲಿ ಪ್ಲಾಸ್ಟಿಕ್ ಸಮೇತ ಸುಡುವ ಕಸದ ಹೊಗೆ ಇವೆಲ್ಲ ಬೇರೆ ಜಾತಿಯವು. ಇವುಗಳ ಅತಿ ಸಣ್ಣ ಕಣಗಳಿಗೆ ಬಹುಚಕ್ರೀಯ ಅರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು, ಅಂದರೆ ಪಿಎಎಚ್‌ಗಳು, ಅಂಟಿಕೊಂಡಿರುತ್ತವೆ. ಕೊಬ್ಬಿನಲ್ಲಿ ಕರಗುವ ಗುಣ ಇವುಗಳದ್ದಾದ್ದರಿಂದ ಮುಖದ ಜಿಡ್ಡಿನಲ್ಲಿ ಬೆರೆತು, ಕಣವು ಹೊರಗೇ ಉಳಿದರೂ ರಾಸಾಯನಿಕ ಮಾತ್ರ ಒಳಗಿಳಿಯುತ್ತದೆ.

ಒಳಗಿಳಿದ ಪಿಎಎಚ್‌ಗಳು ಮೇಲ್ಚರ್ಮದ ಮುಖ್ಯ ಕೋಶವಾದ ಕೆರಟಿನೊಸೈಟ್‌ನಲ್ಲಿ ಅರೈಲ್ ಹೈಡ್ರೋಕಾರ್ಬನ್ ಗ್ರಾಹಕ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ. ಹಾಗೆ ಪ್ರಚೋದನೆಗೊಂಡ ಗ್ರಾಹಕ ಕೋಶಕೇಂದ್ರವನ್ನು ಹೊಕ್ಕು, ಹೊರಗಿನ ರಾಸಾಯನಿಕಗಳನ್ನು ಒಡೆಯುವ ಸಿವೈಪಿ1ಎ1 ಮುಂತಾದ ಕಿಣ್ವಗಳನ್ನು ತಯಾರಿಸುವ ವಂಶವಾಹಿಗಳನ್ನು ಎಬ್ಬಿಸುತ್ತದೆ. ಇದು ಮೂಲತಃ ರಕ್ಷಣೆಯ ಏರ್ಪಾಡು. ಆದರೆ ಒಡೆಯುವ ಈ ಕ್ರಿಯೆಯಲ್ಲಿಯೇ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಬೆಂಜೋಪೈರೀನ್‌ನಂತಹ ಪಿಎಎಚ್‌ಗಳು ಒಡೆದಾಗ ಡಿಎನ್‌ಎಗೆ ಅಂಟಿಕೊಳ್ಳುವ, ಮೂಲಕ್ಕಿಂತ ಹೆಚ್ಚು ಅಪಾಯಕಾರಿಯಾದ ವಸ್ತುಗಳು ಉಂಟಾಗುತ್ತವೆ. ಉರಿಯೂತದ ಸಂಕೇತಗಳು ಹೊರಡುತ್ತವೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲ್ಯಾಜನ್ ಎಳೆಗಳನ್ನು ಕತ್ತರಿಸುವ ಎಂಎಂಪಿ-1 ಎಂಬ ಕಿಣ್ವ ಹೆಚ್ಚುತ್ತದೆ. ವರ್ಣಕೋಶಗಳು ಹೆಚ್ಚು ಮೆಲನಿನ್ ತಯಾರಿಸುತ್ತವೆ. ಜರ್ಮನಿಯ ರೂರ್ ಪ್ರದೇಶ ಮತ್ತು ಅದರ ಹತ್ತಿರದ ಹಳ್ಳಿಗಾಡಿನ 70ರಿಂದ 80 ವಯಸ್ಸಿನ 400 ಮಹಿಳೆಯರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಸಿ ಮತ್ತು ವಾಹನದ ಕಣಗಳಿಗೆ ಹೆಚ್ಚು ಒಡ್ಡಿಕೊಂಡವರ ಹಣೆ–ಕೆನ್ನೆಗಳ ಮೇಲೆ ಸುಮಾರು ಶೇ 20ರಷ್ಟು ಹೆಚ್ಚು ಕಲೆಗಳು ಕಂಡುಬಂದವು.

ಇದೇ ಗ್ರಾಹಕವನ್ನು ಅತ್ಯಂತ ಬಿಗಿಯಾಗಿ ಹಿಡಿಯುವ ವಸ್ತು ಡಯಾಕ್ಸಿನ್. ಇಟಲಿಯ ಸೆವೆಸೊದಲ್ಲಿ 1976ರಲ್ಲಿ ರಾಸಾಯನಿಕ ಕಾರ್ಖಾನೆಯೊಂದರಿಂದ ಅದು ಹೊರಬಿದ್ದಾಗ ಮಕ್ಕಳ ಮುಖದ ಮೇಲೆ ಎದ್ದ ಗಂಟುಗಳು, 2004ರಲ್ಲಿ ವಿಷಪ್ರಾಶನಕ್ಕೆ ಒಳಗಾದ ಉಕ್ರೇನ್ ನಾಯಕ ವಿಕ್ಟರ್ ಯುಶ್ಚೆಂಕೊ ಅವರ ಮುಖ ವಿರೂಪಗೊಂಡ ಬಗೆ, ಎರಡೂ ಕ್ಲೋರಾಕ್ನೆ ಎಂಬ ಒಂದೇ ಕಾಯಿಲೆಯ ಚಿತ್ರಗಳು. ಜಿಡ್ಡುಗ್ರಂಥಿಯ ಕೋಶಗಳು ತಮ್ಮ ಕೆಲಸ ಮರೆತು ಗಟ್ಟಿ ಹೊರಪದರದ ಕೋಶಗಳಾಗಿ ಮಾರ್ಪಟ್ಟು ಚೀಲಗಳಾಗುತ್ತವೆ. ಸಾಮಾನ್ಯ ಮೊಡವೆಗೆ ಚೆನ್ನಾಗಿ ಕೆಲಸ ಮಾಡುವ ವಿಟಮಿನ್ ಎ ಮದ್ದುಗಳು ಈ ಕಾಯಿಲೆಯಲ್ಲಿ ಸೋಲುವುದೇ ಹೆಚ್ಚು. ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಟ್ಟಾಗ ಹುಟ್ಟುವ ಡಯಾಕ್ಸಿನ್‌ನ ಪ್ರಮಾಣ ಆ ಎರಡು ಪ್ರಸಂಗಗಳಿಗೆ ಹೋಲಿಸುವಷ್ಟು ಇರುವುದಿಲ್ಲ. ಆದರೂ ಮನೆಯ ಪಕ್ಕದಲ್ಲಿ ಕಸಕ್ಕೆ ಬೆಂಕಿ ಹಚ್ಚುವುದನ್ನು ನಿಲ್ಲಿಸುವುದು ಯಾವ ಲೇಪನಕ್ಕಿಂತಲೂ ಮೇಲಾದ ಚರ್ಮರಕ್ಷಣೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಬಿಸಿಲಿನ ಪಾಲೂ ಸಣ್ಣದಲ್ಲ. ಮಾರ್ಚ್‌ನಿಂದ ಮೇ ತನಕ ನಮ್ಮ ಅಕ್ಷಾಂಶದಲ್ಲಿ ನಡುಹಗಲಿನ ಅತಿನೇರಳೆ ಸೂಚ್ಯಂಕ 11 ದಾಟುವುದು ಸಾಮಾನ್ಯ. ಪಿಎಎಚ್ ಮತ್ತು ಯುವಿಎ (ಅತಿನೇರಳೆಯ ಒಂದು ಬಗೆ) ಕಿರಣ ಒಟ್ಟಾಗಿ ಬಿದ್ದಾಗ ಆಗುವ ಹಾನಿ ಎರಡರ ಬಿಡಿ ಹಾನಿಗಳ ಮೊತ್ತಕ್ಕಿಂತ ಹೆಚ್ಚು. ವಾಹನದ ಹೊಗೆಯ ಮೇಲೆ ಬಿಸಿಲು ಬಿದ್ದು ಮಧ್ಯಾಹ್ನದ ಹೊತ್ತಿಗೆ ಹುಟ್ಟುವ ಓಝೋನ್ ಅನಿಲ ಚರ್ಮದ ಹೊರಪದರದ ವಿಟಮಿನ್ ಇ ಮತ್ತು ಸ್ಕ್ವಾಲೀನ್ ಎಂಬ ಜಿಡ್ಡನ್ನು ಕೆಡಿಸುತ್ತದೆ. ಇನ್ನೊಂದು ಸಂಗತಿ ನಮ್ಮ ಹೋಲಿಕೆಗೆ ನೇರವಾಗಿ ಸಂಬಂಧಿಸಿದ್ದು: ಮೇಲ್ಚರ್ಮದಲ್ಲಿ ದೇಹವೇ ಕೂಡಿಟ್ಟುಕೊಂಡಿರುವ ವಿಟಮಿನ್ ಎ ದಾಸ್ತಾನನ್ನು ಅತಿನೇರಳೆ ಕಿರಣಗಳು ನಾಶ ಮಾಡುತ್ತವೆ.

ವಿಟಮಿನ್ ಎ ಕೋಶದೊಳಗೆ ಮಾಡುವ ಕೆಲಸ

ಅಡಾಪಲೀನ್, ಟಜರೋಟೀನ್‌ಗಳನ್ನು ಬಿಟ್ಟರೆ, ಲೇಪನದಲ್ಲಿ ಯಾವ ಹೆಸರಿದ್ದರೂ ಕೊನೆಗೆ ಕೆಲಸ ಮಾಡುವುದು ರೆಟಿನೋಯಿಕ್ ಆಮ್ಲ. ರೆಟಿನೈಲ್ ಪಾಮಿಟೇಟ್‌ನಂತಹ ರೆಟಿನೈಲ್ ಎಸ್ಟರ್ ಮೊದಲು ರೆಟಿನಾಲ್ ಆಗಬೇಕು, ರೆಟಿನಾಲ್ ರೆಟಿನಾಲ್ಡಿಹೈಡ್ ಆಗಬೇಕು, ಅದು ರೆಟಿನೋಯಿಕ್ ಆಮ್ಲವಾಗಬೇಕು. ಪ್ರತಿ ಹೆಜ್ಜೆಯಲ್ಲಿಯೂ ಸ್ವಲ್ಪ ಭಾಗ ಮಾತ್ರ ಮುಂದೆ ಸಾಗುತ್ತದೆ. ಟ್ರೆಟಿನೋಯಿನ್ ಎಂದರೆ ಅದೇ ಆಮ್ಲ, ಯಾವ ಹೆಜ್ಜೆಯೂ ಬೇಕಿಲ್ಲ. ಅಡಾಪಲೀನ್ ಮತ್ತು ಟಜರೋಟೀನ್ ಪ್ರಯೋಗಾಲಯದಲ್ಲಿ ರೂಪಿಸಿದ ಅಣುಗಳು. ಅವು ಅದೇ ಗ್ರಾಹಕಗಳನ್ನು ಹಿಡಿಯುವಂತೆ ಕಟ್ಟಲ್ಪಟ್ಟಿವೆ. 1987ರಲ್ಲಿ ಪತ್ತೆಯಾದ ರೆಟಿನೋಯಿಕ್ ಆಮ್ಲದ ಗ್ರಾಹಕಗಳು ಕೋಶಕೇಂದ್ರದಲ್ಲಿ ಡಿಎನ್‌ಎಯ ಗೊತ್ತಾದ ಜಾಗಗಳಲ್ಲಿ ಕುಳಿತಿರುತ್ತವೆ. ಆಮ್ಲ ಬಂದು ಸೇರಿದಾಗ ಮೇಲ್ಚರ್ಮದ ಕೋಶಗಳು ಬೇಗ ಹುಟ್ಟಿ ಬೇಗ ಉದುರುತ್ತವೆ, ರೋಮರಂಧ್ರದ ಬಾಯಿ ಕಟ್ಟುವುದು ತಪ್ಪುತ್ತದೆ, ಮೆಲನಿನ್ ಒಂದೆಡೆ ಗಟ್ಟಿಯಾಗದೆ ಹರಡುತ್ತದೆ, ಒಳಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳು ಹೊಸ ಕೊಲ್ಯಾಜನ್ ಹೆಣೆಯುತ್ತವೆ. ಬಿಸಿಲಿನಿಂದ ಎಂಎಂಪಿ ಕಿಣ್ವಗಳು ಏಳುವುದನ್ನು ಮುಂಚೆಯೇ ಹಚ್ಚಿದ ಟ್ರೆಟಿನೋಯಿನ್ ತಗ್ಗಿಸುತ್ತದೆ ಎಂಬುದು ಮಾನವ ಚರ್ಮದ ಮೇಲೆಯೇ ನಡೆದ ಪ್ರಯೋಗಗಳಿಂದ ತಿಳಿದಿದೆ.

ಹಾಗಾದರೆ ಹೊಗೆಯಲ್ಲಿ ದುಡಿಯುವವರೆಲ್ಲ ವಿಟಮಿನ್ ಎ ಹಚ್ಚಿಕೊಂಡರೆ ಸರಿಹೋಗುತ್ತದೆಯೇ? ಇಲ್ಲಿ ಎಚ್ಚರ ಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೆರಟಿನೊಸೈಟ್‌ಗಳಿಗೆ ಡಯಾಕ್ಸಿನ್ ಮತ್ತು ರೆಟಿನೋಯಿಕ್ ಆಮ್ಲವನ್ನು ಒಟ್ಟಿಗೆ ಕೊಟ್ಟಾಗ, ಒಂದೊಂದನ್ನೇ ಕೊಟ್ಟಾಗಿನದಕ್ಕಿಂತ ಎಂಎಂಪಿ-1 ಹೆಚ್ಚಾಯಿತು. ಬಿಸಿಲಿನ ಹಾನಿಯ ವಿರುದ್ಧ ಕಾಪಾಡುವ ಅಣುವೇ ಹೊಗೆಯ ಜೊತೆಗೆ ಸೇರಿದಾಗ ಬೇರೆ ರೀತಿ ವರ್ತಿಸಬಲ್ಲದು ಎಂಬುದಕ್ಕೆ ಇದು ಸಾಕಷ್ಟು ಸ್ಪಷ್ಟ ಸೂಚನೆ. ಬಟ್ಟಲಿನಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡದ್ದೆಲ್ಲ ಬದುಕಿರುವ ಮನುಷ್ಯನ ಕೆನ್ನೆಯ ಮೇಲೆ ಹಾಗೆಯೇ ನಡೆಯುತ್ತದೆ ಎಂದು ಹೇಳಲಾಗದು. ಆದರೆ ವಿಟಮಿನ್ ಎಯನ್ನು ಮಾಲಿನ್ಯದ ಪ್ರತಿವಿಷವೆಂದು ಮಾರುವ ಜಾಹೀರಾತನ್ನು ನಂಬದಿರಲು ಇಷ್ಟು ಸಾಕು. ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ: ಈ ಲೇಪನಗಳು ಆರಂಭದ ವಾರಗಳಲ್ಲಿ ಚರ್ಮದ ತೀರ ಹೊರಗಿನ ಪದರವನ್ನು ತೆಳುಗೊಳಿಸಿ, ಒಣಗಿಸಿ, ಸಿಪ್ಪೆ ಏಳಿಸುತ್ತವೆ. ಬೇಲಿ ಸಡಿಲವಾದ ಆ ಅವಧಿಯಲ್ಲಿ ಹೊರಗಿನ ರಾಸಾಯನಿಕಗಳಿಗೆ ಒಳನುಗ್ಗುವುದು ಸುಲಭ.

ಲೇಪನಗಳ ಹೋಲಿಕೆ

ರೆಟಿನೈಲ್ ಪಾಮಿಟೇಟ್ ಇರುವ ಕ್ರೀಮುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಉರಿ ತರುವುದು ಅಪರೂಪ, ಗುಣವೂ ಅಷ್ಟೇ ಕಡಿಮೆ. ಅವುಗಳನ್ನು ತೇವ ಉಳಿಸುವ ಕ್ರೀಮು ಎಂದು ಬಳಸಬಹುದು. ವಿಟಮಿನ್ ಎ ಎಂದು ಹೆಚ್ಚು ಹಣ ಕೊಡುವುದು ವ್ಯರ್ಥ.

ರೆಟಿನಾಲ್ ವೈದ್ಯರ ಚೀಟಿಯಿಲ್ಲದೆ ಸಿಗುವ ಲೇಪನಗಳಲ್ಲಿ ಹೆಚ್ಚು ಪ್ರಚಲಿತವಾದದ್ದು. ಟ್ರೆಟಿನೋಯಿನ್‌ಗಿಂತ ಹಲವು ಪಟ್ಟು ಮೆದುವಾದ ಇದು ಬಿಸಿಲಿನ ಸಣ್ಣ ಸುಕ್ಕು, ಒರಟು ಮೈಬಣ್ಣ, ಹಗುರ ಕಲೆಗಳಿಗೆ ಸಾಕಾಗುತ್ತದೆ. ಮುಖಕ್ಕೆ ಹಚ್ಚುವ ವಸ್ತುಗಳಲ್ಲಿ ಇದರ ಪ್ರಮಾಣ ಶೇ 0.3 ಮೀರಬಾರದೆಂದು ಯುರೋಪಿಯನ್ ಒಕ್ಕೂಟ 2024ರಲ್ಲಿ ನಿಯಮ ಮಾಡಿದೆ. ಅಂಗಡಿಗಳಲ್ಲಿ ಶೇ 1ರ ಸೀರಮ್ ಕಂಡರೆ ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು. ಗಾಳಿ, ಬೆಳಕು, ಶಾಖ ಮೂರೂ ರೆಟಿನಾಲ್‌ಗೆ ಶತ್ರುಗಳು. ಏಪ್ರಿಲ್‌ನಲ್ಲಿ ಉಷ್ಣಾಂಶ 38–40 ಡಿಗ್ರಿಗೆ ಹೋಗುವ ನಮ್ಮ ಊರುಗಳಲ್ಲಿ, ತಗಡಿನ ಮಾಳಿಗೆಯ ಮನೆಯಲ್ಲಿ, ಮುಚ್ಚಳ ತೆರೆದು ಬೆರಳು ಅದ್ದುವ ಡಬ್ಬಿಯಲ್ಲಿ ಅದು ಹೆಚ್ಚು ಕಾಲ ಗುಣ ಉಳಿಸಿಕೊಳ್ಳುವುದಿಲ್ಲ. ಬೆಳಕು ತೂರದ ಟ್ಯೂಬಿನಲ್ಲಿ ಬರುವುದನ್ನೇ ಕೊಳ್ಳಬೇಕು. ಹಳದಿಗಿಂತ ಕಂದಿದರೆ ಎಸೆಯಬೇಕು.

ರೆಟಿನಾಲ್ಡಿಹೈಡ್ ಆಮ್ಲಕ್ಕೆ ಒಂದೇ ಹೆಜ್ಜೆ ಹಿಂದಿದೆ. ಗುಣದಲ್ಲಿ ರೆಟಿನಾಲ್‌ಗಿಂತ ಮೇಲು, ಉರಿಯಲ್ಲಿ ಟ್ರೆಟಿನೋಯಿನ್‌ಗಿಂತ ಕಡಿಮೆ. ಬೆಲೆ ಹೆಚ್ಚು, ಸಿಗುವುದು ಕಡಿಮೆ ಎಂಬುದೇ ಇದರ ತೊಡಕು.

ನಮ್ಮ ಸೀಮೆಯ ಮಟ್ಟಿಗೆ ಅಡಾಪಲೀನ್ ಬಗ್ಗೆ ನಿಧಾನವಾಗಿ ಯೋಚಿಸಬೇಕು. ಅಮೆರಿಕದಲ್ಲಿ 1996ರಲ್ಲಿ ಮೊಡವೆಗೆ ಮಂಜೂರಾದ ಈ ಅಣು ಅಲ್ಲಿ 2016ರಿಂದ ಶೇ 0.1ರ ಪ್ರಮಾಣದಲ್ಲಿ ಚೀಟಿಯಿಲ್ಲದೆ ಸಿಗುತ್ತಿದೆ. ಭಾರತದಲ್ಲಿ ವೈದ್ಯರ ಚೀಟಿ ಬೇಕು. ಗ್ರಾಹಕಗಳ ಎಲ್ಲ ಬಗೆಗಳನ್ನು ಹಿಡಿಯದೆ ಬೀಟಾ ಮತ್ತು ಗಾಮಾ ಬಗೆಗಳನ್ನು ಆರಿಸಿ ಹಿಡಿಯುವುದರಿಂದ ಉರಿ, ಸಿಪ್ಪೆ ಕಡಿಮೆ. ಇದರ ಎರಡನೆಯ ಗುಣ ಬೆಳಕಿಗೆ ಕೆಡದಿರುವುದು. ಟ್ರೆಟಿನೋಯಿನ್ ಬಿಸಿಲಿನಲ್ಲಿ ಬೇಗ ಒಡೆಯುತ್ತದೆ. ಮೊಡವೆಗೆ ಜೊತೆಯಾಗಿ ಕೊಡುವ ಬೆಂಜಾಯಿಲ್ ಪೆರಾಕ್ಸೈಡ್ ತಾಗಿದರೂ ಅದರ ಹಲವು ಹಳೆಯ ತಯಾರಿಕೆಗಳು ಕೆಡುತ್ತವೆ. ಅಡಾಪಲೀನ್ ಎರಡನ್ನೂ ತಡೆದುಕೊಳ್ಳುತ್ತದೆ. ನಮ್ಮ ಕಂದು ಚರ್ಮದಲ್ಲಿ ಉರಿ ಎಂಬುದು ಕೇವಲ ಅನಾನುಕೂಲವಲ್ಲ, ಅದು ಹೊಸ ಕಪ್ಪು ಕಲೆಯ ಮೂಲ. ಕಲೆ ಹೋಗಲೆಂದು ಪ್ರಬಲವಾದದ್ದನ್ನು ಹಚ್ಚಿ, ಅದು ಕೆಂಪಾಗಿ, ಕೆಂಪು ಕಪ್ಪಾಗಿ ಉಳಿಯುವುದು ತೀರ ಸಾಮಾನ್ಯ. ಆದ್ದರಿಂದ ಮೊಡವೆಯೇ ಮುಖ್ಯ ತೊಂದರೆಯಾದ ಹದಿಹರೆಯದವರಿಗೆ, ಮಸಿ ಮತ್ತು ಬೆವರಿನ ನಡುವೆ ಬೈಕಿನಲ್ಲಿ ಓಡಾಡುವವರಿಗೆ ಮೊದಲ ಆಯ್ಕೆ ಇದೇ ಎಂಬುದು ನನ್ನ ಅಭಿಪ್ರಾಯ.

ಟ್ರೆಟಿನೋಯಿನ್ 1971ರಿಂದ ಬಳಕೆಯಲ್ಲಿದ್ದು, ಬಿಸಿಲಿನಿಂದ ಮುಪ್ಪಾದ ಚರ್ಮದ ವಿಷಯದಲ್ಲಿ ಇದಕ್ಕಿರುವಷ್ಟು ಪುರಾವೆ ಬೇರೆ ಯಾವ ಲೇಪನಕ್ಕೂ ಇಲ್ಲ. ಶೇ 0.025, 0.05, 0.1 ಎಂಬ ಪ್ರಮಾಣಗಳಲ್ಲಿ ಕಡಿಮೆಯದರಿಂದಲೇ ಆರಂಭಿಸಬೇಕು. ರಾತ್ರಿ ಮಾತ್ರ ಹಚ್ಚಬೇಕು. ಹಗಲೆಲ್ಲ ನೆರಳಿನಲ್ಲಿ ಕೆಲಸ ಮಾಡುವ, ನಿತ್ಯ ಸನ್‌ಸ್ಕ್ರೀನ್ ಹಚ್ಚುವ ಶಿಸ್ತಿರುವ, ಚರ್ಮವೈದ್ಯರನ್ನು ಮತ್ತೆ ಕಾಣಲು ಸಾಧ್ಯವಿರುವವರಿಗೆ ಇದು ಒಳ್ಳೆಯದು. ಟಜರೋಟೀನ್ ಇನ್ನೂ ಖಾರ. ವೈದ್ಯರು ನಿರ್ದಿಷ್ಟ ಕಾರಣಕ್ಕೆ ಬರೆದುಕೊಟ್ಟರೆ ಹೊರತು ಅದರ ಗೊಡವೆ ಬೇಡ.

ಇನ್ನು ಈ ಪಟ್ಟಿಯಲ್ಲಿ ಸೇರಲೇಬಾರದಾದ ಒಂದಿದೆ. ಟ್ರೆಟಿನೋಯಿನ್, ಹೈಡ್ರೋಕ್ವಿನೋನ್ ಮತ್ತು ಸ್ಟಿರಾಯ್ಡ್ ಮೂರನ್ನೂ ಬೆರೆಸಿದ ಟ್ಯೂಬು ಬಂಗಿನ ಅಲ್ಪಾವಧಿ ಚಿಕಿತ್ಸೆಗೆಂದು ಇರುವಂಥದ್ದು. ಅದು ಬಿಳುಪಿನ ಕ್ರೀಮೆಂದು ಕೈಯಿಂದ ಕೈಗೆ, ಅಕ್ಕನಿಂದ ತಂಗಿಗೆ ಸಾಗುತ್ತಿದೆ. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ, ಏಕೆಂದರೆ ಸ್ಟಿರಾಯ್ಡ್ ಉರಿಯನ್ನು ಅಡಗಿಸುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ಕಾಗದದಂತೆ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಕೂದಲು ಬೆಳೆದು, ಬಿಟ್ಟ ಕೂಡಲೇ ಮುಖ ಕೆಂಡದಂತೆ ಉರಿಯತೊಡಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಸ್ಟಿರಾಯ್ಡ್ ಲೇಪನಗಳನ್ನು ಚೀಟಿಯ ಮೇಲಷ್ಟೇ ಮಾರಬೇಕಾದ ಎಚ್ ಶೆಡ್ಯೂಲಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಟ್ಯೂಬಿನ ಮೇಲೆ ಮೊಮೆಟಾಸೋನ್, ಫ್ಲುಓಸಿನೋಲೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂಬ ಹೆಸರುಗಳಲ್ಲಿ ಒಂದು ಕಂಡರೂ ಸ್ವಂತ ಬುದ್ಧಿಯಿಂದ ಹಚ್ಚಬಾರದು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿರುವವರು ಏಕಾಏಕಿ ನಿಲ್ಲಿಸದೆ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಟ್ಯೂಬನ್ನೂ ಹಿಡಿದುಕೊಂಡು ಹೋಗಿ ತೋರಿಸಬೇಕು.

ಯಾರಿಗೆ ಯಾವುದು

ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ದುಡಿಯುವ ಅಣ್ಣನಿಗೂ ಅಡಿಕೆ ಬೇಯಿಸುವ ಹಂಡೆಯ ಬಳಿ ಇಡೀ ಹಂಗಾಮು ಕಳೆಯುವ ಅಕ್ಕನಿಗೂ ನಾನು ಮೊದಲು ಯಾವ ವಿಟಮಿನ್ ಎಯನ್ನೂ ಸೂಚಿಸುವುದಿಲ್ಲ. ಅಲ್ಲಿ ಹೊಗೆಯ ಜೊತೆಗೆ ಬೆಂಕಿಯ ಶಾಖವೂ ಸೇರುತ್ತದೆ. ಶಾಖವೊಂದೇ ಬಂಗನ್ನು ಹೆಚ್ಚಿಸಬಲ್ಲದು, ಎಂಎಂಪಿ-1 ಅನ್ನೂ ಎಬ್ಬಿಸಬಲ್ಲದು. ಹತ್ತಿ ಬಟ್ಟೆಯಿಂದ ಮುಖ–ಕುತ್ತಿಗೆ ಮುಚ್ಚಿಕೊಳ್ಳುವುದು, ಕೆಲಸ ಮುಗಿದ ಕೂಡಲೇ ಮೆದು ಸೋಪಿನಿಂದ ತೊಳೆಯುವುದು, ಇನ್ನೂ ಒದ್ದೆಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಗ್ಲಿಸರಿನ್ ಇರುವ ಸಾದಾ ಕ್ರೀಮು ಹಚ್ಚುವುದು ಇಷ್ಟನ್ನು ಕೆಲವು ವಾರ ನಡೆಸಿ ಚರ್ಮ ಗಟ್ಟಿಯಾದ ಮೇಲೆ, ಮೊಡವೆ ಉಳಿದಿದ್ದರೆ ಮಾತ್ರ, ವಾರಕ್ಕೆ ಎರಡು ರಾತ್ರಿ ಅಡಾಪಲೀನ್ ಆರಂಭಿಸಬಹುದು. ಹಂಗಾಮು ಮುಗಿದ ಬಳಿಕ ಆರಂಭಿಸಿದರೆ ಇನ್ನೂ ಒಳ್ಳೆಯದು. ಮೆಕ್ಕೆಜೋಳದ ರಾಶಿಯ ದಿನಗಳಿಗೂ ಹೊಲಕ್ಕೆ ಔಷಧಿ ಹೊಡೆಯುವ ದಿನಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಆ ವಾರ ಲೇಪನವನ್ನು ಪೂರ್ತಿ ನಿಲ್ಲಿಸಬೇಕು.

ಅದಿರಿನ ದೂಳಿನಲ್ಲಿರುವ ಚಾಲಕರು, ಕೂಲಿಕಾರರ ಸ್ಥಿತಿ ಸ್ವಲ್ಪ ಬೇರೆ. ಅವರಿಗೆ ಒಣಚರ್ಮವೇ ದೊಡ್ಡ ಶತ್ರು. ದೂಳನ್ನು ಒರಟು ಬಟ್ಟೆಯಿಂದ ಉಜ್ಜದೆ ನೀರು ಸುರಿದು ಇಳಿಸಬೇಕು. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಹೋಗದೆ ಚರ್ಮದ ಮೇಲೆ ಉಳಿದು ಬೇಲಿಯನ್ನು ಕೆಡಿಸುತ್ತದೆ. ಆದ್ದರಿಂದ ಸೋಪು ಕಡಿಮೆ, ನೀರು ಹೆಚ್ಚು ಎಂಬುದು ಇಲ್ಲಿ ಉಳಿತಾಯದ ಮಾತಲ್ಲ, ಚಿಕಿತ್ಸೆಯ ಭಾಗ. ಇಂಥವರಿಗೆ ಮುಪ್ಪಿನ ಗೆರೆಗಳ ಚಿಂತೆ ಇದ್ದರೆ ಕಡಿಮೆ ಪ್ರಮಾಣದ ರೆಟಿನಾಲ್ ಸಾಕು.

ಬಂಗಿನಿಂದ ನೊಂದಿರುವ ಗೃಹಿಣಿಗೆ ಸನ್‌ಸ್ಕ್ರೀನ್ ಇಲ್ಲದೆ ಯಾವ ವಿಟಮಿನ್ ಎಯೂ ಫಲ ಕೊಡದು. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಲ್ಲದ, ಯುವಿಎ ತಡೆಯುವ, ಸಾಧ್ಯವಾದರೆ ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣದ ಸನ್‌ಸ್ಕ್ರೀನ್ ಆಗಬೇಕು, ಏಕೆಂದರೆ ಬಂಗನ್ನು ಗಾಢಗೊಳಿಸುವ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವುದು ಆ ಬಣ್ಣವೇ. ನಮ್ಮ ಗಣಿಗಳ ಕೆಂಪು ದೂಳಿನಲ್ಲಿರುವುದೂ ಕಬ್ಬಿಣದ ಆಕ್ಸೈಡೇ ಎಂಬುದು ಗಮನಿಸತಕ್ಕ ಸಂಗತಿ. ಶುದ್ಧೀಕರಿಸಿ ಹದವಾಗಿ ಬೆರೆಸಿದಾಗ ಅದೇ ವಸ್ತು ಕಾಪಾಡುತ್ತದೆ. ಇನ್ನೂ ಸೌದೆ ಒಲೆಯಲ್ಲಿ ಅಡುಗೆ ಮಾಡುವ ಮನೆಯಾದರೆ ಹೊಗೆ ಹೊರಹೋಗುವ ದಾರಿ ಮಾಡುವುದಕ್ಕೆ ಕ್ರೀಮಿನ ಹಣವನ್ನು ಖರ್ಚು ಮಾಡುವುದು ಮೇಲು.

ಯಾವುದನ್ನು ಆರಿಸಿದರೂ ಹಚ್ಚುವ ಕ್ರಮ ಒಂದೇ. ಮುಖ ತೊಳೆದು ಪೂರ್ತಿ ಒಣಗಲು ಬಿಟ್ಟು, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಮಾತ್ರ, ಕಣ್ಣು, ತುಟಿ, ಮೂಗಿನ ಸಂದು ಬಿಟ್ಟು ಹಚ್ಚಬೇಕು. ವಾರಕ್ಕೆ ಎರಡು ಮೂರು ರಾತ್ರಿಯಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು. ಉರಿ ಹೆಚ್ಚಾದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಲೇಪನ ಹಚ್ಚಬಹುದು. ಮೊಡವೆ ತಗ್ಗಲು 8ರಿಂದ 12 ವಾರ ಬೇಕು. ಆರಂಭದಲ್ಲಿ ಕೆಲವರಿಗೆ ಮೊಡವೆ ಹೆಚ್ಚಿದಂತೆ ಕಾಣುವುದೂ ಉಂಟು. ಅಷ್ಟಕ್ಕೇ ಹೆದರಿ ಟ್ಯೂಬು ಬದಲಿಸುತ್ತ ಹೋಗುವವರಿಗೆ ಯಾವುದೂ ಹಿಡಿಯುವುದಿಲ್ಲ.

ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಈ ಕುಟುಂಬದ ಯಾವ ಲೇಪನವನ್ನೂ ಬಳಸಬಾರದು. ಮೊಡವೆ, ಕಲೆಗಳಿಗೆ ಅವರು ವೈದ್ಯರನ್ನು ಕೇಳಿ ಅಜಿಲೇಯಿಕ್ ಆಮ್ಲವನ್ನು ಬಳಸಬಹುದು. ನುಂಗುವ ಮಾತ್ರೆಗಳ ವಿಷಯ ಇದಕ್ಕಿಂತ ಗಂಭೀರವಾದದ್ದು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಗರ್ಭದಲ್ಲಿರುವ ಮಗುವಿನ ಮುಖ, ಹೃದಯ, ಮಿದುಳಿನ ರಚನೆಯನ್ನೇ ಕೆಡಿಸುತ್ತದೆ. ಅದನ್ನು ಆರಂಭಿಸುವ ಒಂದು ತಿಂಗಳ ಮೊದಲಿನಿಂದ, ನಿಲ್ಲಿಸಿದ ಒಂದು ತಿಂಗಳವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಆದರೆ ಈ ಅವಧಿ ನಿಲ್ಲಿಸಿದ ಮೇಲೆ ಮೂರು ವರ್ಷ. ಹೊಗೆಯಿಂದ ಕೆಟ್ಟ ಚರ್ಮಕ್ಕೆಂದು ವಿಟಮಿನ್ ಎ ಕ್ಯಾಪ್ಸೂಲುಗಳನ್ನು ತಾವಾಗಿಯೇ ನುಂಗುವುದೂ ಸಲ್ಲದು: ವಯಸ್ಕರಿಗೆ ದಿನಕ್ಕೆ 3000 ಮೈಕ್ರೋಗ್ರಾಂ ಮೀರಿದ ವಿಟಮಿನ್ ಎ ನಿತ್ಯ ಸೇರುತ್ತಿದ್ದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ, ಕೂದಲು ಉದುರುತ್ತದೆ, ಚರ್ಮ ಒಣಗಿ ಬಿರಿಯುತ್ತದೆ. ನುಗ್ಗೆ ಸೊಪ್ಪು, ಕರಿಬೇವು, ಗಜ್ಜರಿಗಳಲ್ಲಿರುವ ಬೀಟಾ ಕ್ಯಾರೊಟೀನನ್ನು ದೇಹ ತನಗೆ ಬೇಕಾದಷ್ಟು ಮಾತ್ರ ವಿಟಮಿನ್ ಎ ಆಗಿ ಬದಲಿಸಿಕೊಳ್ಳುವುದರಿಂದ ಊಟದ ಸೊಪ್ಪಿನಿಂದ ಆ ಅಪಾಯ ಬರುವುದಿಲ್ಲ.